ಅಡಿಕೆ ಒಣಗಿಸುವ ವಾರ: ನಾನು ಮೋಡ ನೋಡುವ ರೀತಿ

ನಮ್ಮ ತೋಟ ತೀರ್ಥಹಳ್ಳಿ ಕಡೆ. ಅಕ್ಟೋಬರ್ ಅರ್ಧ ಕಳೆಯಿತು ಅಂದರೆ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ಗಡಿಬಿಡಿ. ಸುಲಿದು ಬೇಯಿಸಿದ ಅಡಿಕೆಗೆ ಆರೇಳು ದಿನ ಒಳ್ಳೆ ಬಿಸಿಲು ಬೇಕು. ಮೊದಲ ಎರಡು ದಿನವಂತೂ ತಪ್ಪಬಾರದು. ಆಗ ನೆನೆದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಚಿತ್ತೆ, ಸ್ವಾತಿ ಮಳೆ ಬರುವುದೂ ಇದೇ ಹೊತ್ತಿಗೆ.

ಕೆಲವು ವರ್ಷದ ಹಿಂದೆ ಒಂದು ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಎರಡು ಹಂಡೆ ಅಡಿಕೆ ಬೇಯಿಸಿ, ಹರವಿ, ಪೇಟೆಗೆ ಹೋದೆ. ಮೂರು ಗಂಟೆಗೆ ಹೊಯ್ದ ಮಳೆಗೆ ಅಷ್ಟೂ ನೆನೆಯಿತು. ಆ ಸಂಜೆ ಮನೆಯವರೆಲ್ಲ ಒಲೆ ಮುಂದೆ ಕೂತು ಅಡಿಕೆ ಆರಿಸಿದ್ದು ಇನ್ನೂ ಕಣ್ಣ ಮುಂದಿದೆ. ಅಲ್ಲಿಂದ ನಾನು ಆಕಾಶವನ್ನು ಸುಮ್ನೆ ನೋಡುವುದು ಬಿಟ್ಟೆ.

ವಾರದ ಲೆಕ್ಕಕ್ಕೆ ಮೊದಲು ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ತೆರೆಯುತ್ತೇನೆ. ಮಂಗಳವಾರ, ಶುಕ್ರವಾರ ಹೊಸ ಮಾಹಿತಿ ಬರುತ್ತದೆ, ಐದು ದಿನದ್ದು. ಮುನ್ಸೂಚನೆಯ ಮಾತುಗಳಿಗೂ ಅಳತೆ ಇದೆ. ‘ಒಂದೆರಡು ಕಡೆ ಮಳೆ’ ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಪಾಲು ಅಥವಾ ಅದಕ್ಕೂ ಕಡಿಮೆ ಕಡೆ ಮಳೆ. ಆ ದಿನ ನಾನು ಬೇಯಿಸುತ್ತೇನೆ, ಆದರೆ ಟಾರ್ಪಾಲ್ ಪಕ್ಕದಲ್ಲೇ ಇರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಬಂದರೆ ಮಾತ್ರ ಕೊಯ್ಲನ್ನೇ ಮುಂದೂಡುತ್ತೇನೆ. ಆಗಿನ ಮೋಡ ಕಂಬಳಿ ಹೊದಿಸಿದ ಹಾಗೆ ಎರಡು ಮೂರು ದಿನ ಕದಲುವುದಿಲ್ಲ. ಮರದಲ್ಲಿರುವ ಕಾಯಿ ನಾಲ್ಕು ದಿನ ತಡೆಯುತ್ತದೆ, ಬೇಯಿಸಿದ್ದು ತಡೆಯುವುದಿಲ್ಲ ಅಲ್ವಾ?

ಮುನ್ಸೂಚನೆ ಇಡೀ ಜಿಲ್ಲೆಗೆ. ನಮ್ಮ ಅಂಗಳದ ಮಳೆಯನ್ನು ನಾವೇ ನೋಡಿಕೊಳ್ಳಬೇಕು.

ಬೆಳಗ್ಗೆ ಕಣಿವೆಯಲ್ಲಿ ದಟ್ಟ ಮಂಜು ಇದ್ದು, ಒಂಬತ್ತರ ಹೊತ್ತಿಗೆ ಕರಗಿದರೆ ನನಗೆ ಧೈರ್ಯ. ರಾತ್ರಿ ಆಕಾಶ ತಿಳಿಯಾಗಿತ್ತು, ನೆಲ ಚೆನ್ನಾಗಿ ತಣಿದಿದೆ ಅಂತ ಅದರ ಅರ್ಥ. ತೀರಾ ಎತ್ತರದಲ್ಲಿ ಗರಿ ಎಳೆದ ಹಾಗಿರುವ ಬಿಳಿ ಮೋಡ ಬರೀ ಹಿಮದ ಹರಳು. ಅದರಿಂದ ಅಂದೇ ಮಳೆ ಇಲ್ಲ. ಆದರೆ ಅದು ಹರಡಿ ತೆಳ್ಳಗೆ ಹಾಲಿನ ಕೆನೆಯಂತಾಗಿ, ರಾತ್ರಿ ಚಂದ್ರನ ಸುತ್ತ ಬಳೆಯಂತೆ ಗುಡಿ ಕಟ್ಟಿದರೆ ಮರುದಿನದ ಮುನ್ಸೂಚನೆಯನ್ನು ಇನ್ನೊಮ್ಮೆ ನೋಡುತ್ತೇನೆ.

ನಾನು ಜಾಸ್ತಿ ಹೆದರುವುದು ಬೆಳಗಿನ ಗೋಪುರ ಮೋಡಕ್ಕೆ. ಎಂಟು ಗಂಟೆಗೇ ನಡು ಎತ್ತರದಲ್ಲಿ ಸಣ್ಣ ಸಣ್ಣ ಮೋಡ ಸಾಲಾಗಿ ನಿಂತಿರುತ್ತವೆ. ಅಡಿ ಸಮ, ತಲೆ ಮಾತ್ರ ಕೋಟೆಯ ಕೊತ್ತಲದಂತೆ ಮೇಲೆದ್ದಿರುತ್ತದೆ. ನೋಡಲು ಚೆಂದ. ಆದರೆ ಮೇಲಿನ ಗಾಳಿಯಲ್ಲಿ ಆಗಲೇ ಕುದಿ ಶುರುವಾಗಿದೆ ಅಂತ ಅದು ಹೇಳುತ್ತದೆ. ಮಧ್ಯಾಹ್ನದ ಬಿಸಿಲೂ ಸೇರಿದರೆ ಗುಡುಗು ಏಳಬಹುದು.

ಹತ್ತಿ ಮೋಡಕ್ಕೆ ನನ್ನ ಲೆಕ್ಕ ಸುಲಭ. ಹನ್ನೊಂದು ಗಂಟೆಗೆ ಎತ್ತರಕ್ಕಿಂತ ಅಗಲ ಜಾಸ್ತಿ ಇದ್ದರೆ ಸರಿ. ಅಗಲಕ್ಕಿಂತ ಎತ್ತರ ಜಾಸ್ತಿ ಆದರೆ, ಹೂಕೋಸಿನಂತೆ ಉಬ್ಬುತ್ತಾ ಹೋದರೆ, ಆಳುಗಳಿಗೆ ಮೊದಲೇ ಹೇಳಿಡುತ್ತೇನೆ. ನೋಡುವ ದಿಕ್ಕೂ ಮುಖ್ಯ. ಜೂನ್, ಜುಲೈಯಲ್ಲಿ ನಮಗೆ ಮಳೆ ಪಡುವಣದಿಂದ. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ತಿರುಗುತ್ತದೆ, ಗುಡುಗು ಮೋಡ ಮೂಡಣದಿಂದ ಬರುತ್ತದೆ. ಆ ಹಿಂದಿನ ತಪ್ಪಿನ ದಿನವೂ ಮೂಡಣ ಗುಡ್ಡದ ಹಿಂದೆ ಮೋಡ ಬೆಳೆದಿರಬೇಕು. ನಾನು ಆ ಕಡೆ ನೋಡಿರಲೇ ಇಲ್ಲ.

ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡ್ ಎಣಿಸುವಷ್ಟೂ ಬಿಡುವಿಲ್ಲದಿದ್ದರೆ ಮಿಂಚು ಹತ್ತು ಕಿಲೋಮೀಟರ್ ಒಳಗೇ ಇದೆ. ಆಗ ಅಡಿಕೆಗಿಂತ ಮೊದಲು ಜನ ಒಳಗೆ ಬರಬೇಕು. ಕಾರ್ಬನ್ ಫೈಬರ್ ದೋಟಿ ಹಿಡಿದವರು ಮೊದಲು, ಅದರಲ್ಲಿ ವಿದ್ಯುತ್ ಹರಿಯುತ್ತದೆ.

ಕಳೆದ ಸುಗ್ಗಿಯಲ್ಲಿ ಒಂದು ಬೆಳಗ್ಗೆ ಗೋಪುರ ಮೋಡ ಕಂಡಿತು. ಮಧ್ಯಾಹ್ನ ಎರಡಕ್ಕೆ ಮೂಡಣದಲ್ಲಿ ಮೋಡದ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಯಿತು. ಎಲ್ಲರೂ ಸೇರಿ ಟಾರ್ಪಾಲ್ ಎಳೆದೆವು. ಪಕ್ಕದ ಊರಿಗೆ ಜೋರು ಮಳೆ, ನಮಗೆ ನಾಲ್ಕು ಹನಿ. ನಾಲ್ಕೂವರೆಗೆ ಮತ್ತೆ ಬಿಸಿಲು ಬಂತು, ಟಾರ್ಪಾಲ್ ತೆಗೆದು ಅಡಿಕೆ ಕೈಯಾಡಿಸಿದೆವು.