ಎರಡನೇ ಗೇರಿಗೆ ಹಾಕಿದರೆ ಗಾಜು ಇಳಿಯುತ್ತಿತ್ತು

ಶಿವಮೊಗ್ಗದಿಂದ ತೀರ್ಥಹಳ್ಳಿಯವರೆಗೆ ಯಾವ ತೊಂದರೆಯನ್ನೂ ಕೊಡದ ನನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ತನ್ನ ಕೊರತೆಗಳನ್ನೆಲ್ಲ ಒಟ್ಟಿಗೆ ತೋರಿಸಿತು. ಕಿಟಕಿಯ ಸ್ವಿಚ್ಚುಗಳು ಬಾಗಿಲಿನಲ್ಲಿರದೆ ಗೇರ್ ಲಿವರಿನ ಹಿಂದೆಯೇ ಇರುವುದರಿಂದ, ತಿರುವಿನಲ್ಲಿ ಎರಡನೇ ಗೇರಿಗಾಗಿ ಲಿವರನ್ನು ಹಿಂದಕ್ಕೆಳೆದಾಗಲೆಲ್ಲ ಎಡ ಮುಂಗೈ ಅವುಗಳ ಮೇಲೆ ಒರಗಿ, ಗಾಜು ಇಳಿದು, ಆಷಾಢದ ಮಳೆ ನೇರವಾಗಿ ಒಳಗೆ ಬರುತ್ತಿತ್ತು. ಬಲ ಮೊಣಕಾಲು ಬಾಗಿಲಿನ ಗಟ್ಟಿ ಹಿಡಿಕೆಗೆ ಉಜ್ಜಿ ಕೆಂಪಾಗುತ್ತಿದ್ದುದು ಬೇರೆ.

ಮೊದಲು ಸ್ವಿಚ್ಚನ್ನೇ ದೂರಿದೆ. ಆದರೆ ಅರ್ಧ ತಪ್ಪು ನಾನು ಕೂರುವ ರೀತಿಯಲ್ಲಿತ್ತು. ನೆಲಕ್ಕೆ ತಾಗುವಂತೆ ಕೂರಬೇಕೆಂಬ ಹುಚ್ಚಿನಿಂದ ಸೀಟನ್ನು ಪೂರ್ತಿ ತಗ್ಗಿಸಿದ್ದರಿಂದ ಮುಂಗೈ ಎರಡು ಸೀಟುಗಳ ನಡುವಿನ ಕನ್ಸೋಲಿನ ಮಟ್ಟಕ್ಕೇ ಇಳಿದಿತ್ತು. ಸೀಟನ್ನು ಎರಡು ಬೆರಳಿನಷ್ಟು ಎತ್ತರಿಸಿ, ಭುಜ ಒರಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಎಟಕುವಂತೆಯೂ, ಕ್ಲಚ್ಚನ್ನು ಪೂರ್ತಿ ಒತ್ತಿದಾಗ ಮೊಣಕಾಲು ತುಸು ಬಾಗಿರುವಂತೆಯೂ ಹೊಂದಿಸಿಕೊಂಡ ಮೇಲೆ ಮೊಣಕೈ ತಾನಾಗಿ ಮೇಲೆದ್ದಿತು. ಉಳಿದುದಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮಡಿಸಿ, ಡಬಲ್ ಸೈಡ್ ಟೇಪಿನಿಂದ ಸ್ವಿಚ್ಚುಗಳ ಸುತ್ತ ಬೇಲಿಯಂತೆ ಕೂರಿಸಿದೆ. ನೋಡಲು ಅಂದವಾಗಿಲ್ಲ, ಆದರೆ ಈಗ ಬೆರಳಿಟ್ಟು ಒತ್ತಿದರೆ ಮಾತ್ರ ಗಾಜು ಇಳಿಯುತ್ತದೆ.

ಬಾಗಿಲಿನ ಹಿಡಿಕೆಗೆ ಕುಶನ್ ಅಂಗಡಿಯವರು ಫೋಮ್ ತುಂಬಿದ ರೆಕ್ಸಿನ್ ಪಟ್ಟಿಯನ್ನು ಹೊಲಿದುಕೊಟ್ಟರು. ಸೀಟಿಗೂ ಕವರ್ ಹೊಲಿಯುವುದಾಗಿ ಅವರು ಹೇಳಿದಾಗ, ಸೀಟಿನ ಬದಿಯಲ್ಲಿ ಅಡಗಿರುವ ಏರ್‌ಬ್ಯಾಗ್ ತೆರೆದುಕೊಳ್ಳಲು ಅದು ಅಡ್ಡಬರಬಹುದೆಂದು ಬೇಡವೆಂದೆ. ಮೊಣಕೈಗೆ ತಗಲುವ ಕಪ್ ಹೋಲ್ಡರಿಗೆ ಮಾತ್ರ ಪರಿಹಾರ ಸಿಕ್ಕಿಲ್ಲ; ನೀರಿನ ಬಾಟಲಿ ಸದ್ಯಕ್ಕೆ ಬಾಗಿಲಿನ ಜೇಬಿನಲ್ಲಿದೆ.