ಪೆಡಲ್‌ನ ಪವರ್ ಜ್ಯಾಕ್: ದೋಷ ಹುಡುಕುವಲ್ಲಿ ನನ್ನ ಅನುಭವ

ಗಿಟಾರಿನ ಧ್ವನಿಯನ್ನು ಬದಲಿಸುವ ಎಫೆಕ್ಟ್ ಪೆಡಲ್‌ಗಳನ್ನು ಮನೆಯಲ್ಲಿ ಜೋಡಿಸುವವರು, ಪೆಡಲ್ ಮೌನವಾದಾಗ ಮೊದಲು ಸಂಶಯಿಸುವುದು ಐಸಿಯನ್ನು ಅಥವಾ ಟ್ರಾನ್ಸಿಸ್ಟರನ್ನು. ನಾನು ಮಾತ್ರ ಅಡಾಪ್ಟರಿನ ಪ್ಲಗ್ ಸಿಕ್ಕಿಸುವ ಪವರ್ ಜ್ಯಾಕಿನಿಂದ ಆರಂಭಿಸುತ್ತೇನೆ, ಏಕೆಂದರೆ ನಾನು ಬಿಚ್ಚಿ ನೋಡಿದ ಪೆಡಲ್‌ಗಳಲ್ಲಿ ಬಹುಪಾಲಿನ ದೋಷ ಅಲ್ಲಿಯೇ ಸಿಕ್ಕಿದೆ. ಖಾಲಿ ಜ್ಯಾಕನ್ನು ಪರೀಕ್ಷಿಸಿದರೆ ಅದು ಸರಿಯಾಗಿರುವಂತೆಯೇ ಕಾಣಬಹುದು. ಆದ್ದರಿಂದ ಪ್ಲಗ್ ಹಾಕಿ, ಸರ್ಕ್ಯೂಟ್ ಕರೆಂಟ್ ಎಳೆಯುತ್ತಿರುವಾಗಲೇ ಅಳೆಯುವುದು ನನ್ನ ಪದ್ಧತಿ.

ಬ್ಯಾಟರಿಯೂ ಇರುವ ಪೆಡಲ್‌ಗಳ ಜ್ಯಾಕಿಗೆ ಮೂರು ಕಾಲುಗಳಿರುತ್ತವೆ. ಒಂದು ನಡುವಿನ ಪಿನ್ನಿನದು, ಇನ್ನೊಂದು ಪ್ಲಗ್ಗಿನ ಹೊರಮೈಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಪಟ್ಟಿಯದು. ಮೂರನೆಯದು ಪ್ಲಗ್ ಇಲ್ಲದಿರುವಾಗ ಮಾತ್ರ ಆ ಪಟ್ಟಿಗೆ ತಾಗಿಕೊಂಡಿದ್ದು, ಪ್ಲಗ್ ಒಳಗೆ ಹೋದೊಡನೆ ಬಿಟ್ಟುಕೊಳ್ಳುತ್ತದೆ. ಬಾಸ್ (Boss) ಕಂಪನಿಯ ಪೆಡಲ್‌ಗಳ ಮೂಲಕ ರೂಢಿಯಾದ ಕ್ರಮದಲ್ಲಿ ನಡುವಿನ ಪಿನ್ನು ಋಣ, ಹೊರಮೈ ಧನ. ಬ್ಯಾಟರಿಯ ಕೆಂಪು ತಂತಿ ಮೂರನೆಯ ಕಾಲಿಗೆ ಬರುತ್ತದೆ. ಇಷ್ಟು ತಿಳಿದಿದ್ದರೆ ಅರ್ಧ ಹುಡುಕಾಟ ಮೀಟರ್ ಇಲ್ಲದೆಯೇ ಮುಗಿಯುತ್ತದೆ. ಬ್ಯಾಟರಿಯಲ್ಲಿ ನುಡಿಯುವ ಪೆಡಲ್ ಅಡಾಪ್ಟರಿನಲ್ಲಿ ನುಡಿಯದಿದ್ದರೆ, ಪಟ್ಟಿಯಿಂದ ಬೋರ್ಡಿಗೆ ಹೋಗುವ ತಂತಿ ಸರಿಯಾಗಿದೆಯೆಂದೇ ಅರ್ಥ, ಬ್ಯಾಟರಿಯ ಕರೆಂಟೂ ಅದರಲ್ಲೇ ಹರಿಯುತ್ತದಲ್ಲ; ಆಗ ನಡುವಿನ ಪಿನ್ನಿನ ಬೆಸುಗೆಯನ್ನೂ ಪಟ್ಟಿಯ ಬಿಗಿಯನ್ನೂ ನೋಡಬೇಕು. ಅಡಾಪ್ಟರಿನಲ್ಲಿ ನುಡಿದು ಬ್ಯಾಟರಿಯಲ್ಲಿ ನುಡಿಯದಿದ್ದರೆ ಮೂರನೆಯ ಕಾಲು ಪಟ್ಟಿಗೆ ಮರಳಿ ತಾಗುತ್ತಿಲ್ಲ, ಇಲ್ಲವೇ ಬ್ಯಾಟರಿಯ ಋಣ ತಂತಿಯನ್ನು ಗ್ರೌಂಡಿಗೆ ಸೇರಿಸುವ, ಗಿಟಾರಿನ ಕೇಬಲ್ ಸಿಕ್ಕಿಸುವ ಸ್ಟೀರಿಯೋ ಇನ್‌ಪುಟ್ ಜ್ಯಾಕಿನಲ್ಲಿ ತೊಂದರೆಯಿದೆ.

ಮೀಟರ್ ಹಿಡಿದಾಗ ಒಂದು ಮೋಸ ಎದುರಾಗುತ್ತದೆ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸುಮಾರು 10 ಮೆಗಾಓಮ್ ಇದ್ದು, ಅದು ಕರೆಂಟನ್ನು ಬಹುತೇಕ ಎಳೆಯದಿರುವುದರಿಂದ, ತುಕ್ಕು ಹಿಡಿದ ಸಂಪರ್ಕದ ಮೂಲಕವೂ ಅದು ಪೂರ್ತಿ 9 ವೋಲ್ಟ್ ತೋರಿಸಿಬಿಡುತ್ತದೆ. ಹಾಗಾಗಿ ಜ್ಯಾಕನ್ನು ಬೋರ್ಡಿನಿಂದ ಬಿಡಿಸಿ ನೋಡಬೇಕಾದಾಗ ಅದರ ಕಾಲುಗಳ ನಡುವೆ 470 ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಕಟ್ಟುತ್ತೇನೆ. ಅದು ಸುಮಾರು 19 ಮಿಲಿಆಂಪಿಯರ್ ಎಳೆಯುತ್ತದೆ, ಅಂದರೆ ಒಂದು ಸಾಧಾರಣ ಪೆಡಲ್ ಎಳೆಯುವಷ್ಟು. ಆಗ 9 ವೋಲ್ಟ್ 6ಕ್ಕೆ ಕುಸಿದರೆ, ಅಡಾಪ್ಟರಿನ ವೋಲ್ಟೇಜ್ ತಾನೇ ಕುಸಿಯದಿರುವ ಪಕ್ಷದಲ್ಲಿ, ಸಂಪರ್ಕದಲ್ಲೇ 200 ಓಮ್‌ಗೂ ಹೆಚ್ಚು ರೋಧ ಕುಳಿತಿದೆ ಎಂದಾಯಿತು. ಇಂಥ ಜ್ಯಾಕನ್ನು ಸ್ವಚ್ಛಗೊಳಿಸಿ ಉಳಿಸಿಕೊಳ್ಳುವ ಉಪಾಯಗಳಿವೆಯಾದರೂ, ನಾನು ಅದನ್ನು ಕಿತ್ತು ಹೊಸದನ್ನೇ ಹಾಕುತ್ತೇನೆ. ಅಷ್ಟು ಅಗ್ಗದ ಬಿಡಿಭಾಗಕ್ಕೆ ಸಂಜೆಯೊಂದನ್ನು ಕಳೆಯುವುದು ನನಗೆ ಒಪ್ಪಿಗೆಯಿಲ್ಲ.

ಮೇಜಿನ ಮೇಲೆ ಚೆನ್ನಾಗಿ ನುಡಿದು, ಡಬ್ಬಿಗೆ ಕೂರಿಸಿ ನಟ್ ಬಿಗಿದೊಡನೆ ಸಾಯುವ ಪೆಡಲ್‌ನ ಕಥೆ ಬೇರೆ. ಲೋಹದ ಮೈಯ ಜ್ಯಾಕುಗಳಲ್ಲಿ ನಟ್ ಕೂರುವ ತಿರುಪುಸುತ್ತಿನ ಹೊರಭಾಗ ಸಾಮಾನ್ಯವಾಗಿ ಹೊರ ಸಂಪರ್ಕಕ್ಕೇ ಸೇರಿರುತ್ತದೆ, ನಮ್ಮ ಕ್ರಮದಲ್ಲಿ ಅದು ಧನ. ಅಲ್ಯೂಮಿನಿಯಂ ಡಬ್ಬಿಯಾದರೋ ಇನ್‌ಪುಟ್ ಜ್ಯಾಕಿನ ಮೂಲಕ ಗ್ರೌಂಡ್, ಅಂದರೆ ಋಣ, ಆಗಿರುತ್ತದೆ. ಎರಡೂ ತಾಗಿದರೆ ಅಡಾಪ್ಟರ್ ನೇರವಾಗಿ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಮೈಯ ಜ್ಯಾಕ್ ಬಳಸುವುದೊಂದೇ ಇದಕ್ಕೆ ನೆಚ್ಚಬಹುದಾದ ಪರಿಹಾರ; ಟೇಪು ಸುತ್ತಿದ ಜ್ಯಾಕುಗಳನ್ನೂ ಕಂಡಿದ್ದೇನೆ, ನಟ್ಟಿನ ಅಂಚು ಅದನ್ನು ಕೊಯ್ದುಬಿಡುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ದೊರೆಯುವ ಸಿಸಿಟಿವಿ ಅಡಾಪ್ಟರುಗಳ ಬಗ್ಗೆ ಎಚ್ಚರ ಬೇಕು. ಅವುಗಳ ಪ್ಲಗ್ಗಿನ ಅಳತೆಯೂ ಪೆಡಲ್‌ನಂತೆ ಹೊರವ್ಯಾಸ 5.5, ರಂಧ್ರ 2.1 ಮಿ.ಮೀ., ಆದರೆ 12 ವೋಲ್ಟಿನ ಅವುಗಳಲ್ಲಿ ನಡುವಿನದು ಧನ. ಅದನ್ನು ಹಾಕಿದ ಪೆಡಲ್ ಬಂದರೆ ಜ್ಯಾಕನ್ನು ಬಿಟ್ಟು, ಪವರ್ ಬರುವ ಜಾಗದಲ್ಲಿ ಅಡ್ಡಲಾಗಿ ಕೂರಿಸಿದ 1ಎನ್4001 ಡಯೋಡನ್ನು ನೋಡುತ್ತೇನೆ. ಸರ್ಕ್ಯೂಟನ್ನು ಕಾಯಲು ಹೋಗಿ ತಾನೇ ಶಾರ್ಟ್ ಆಗಿ ಕುಳಿತಿದ್ದರೆ ಅದನ್ನು ಬದಲಿಸಿದಷ್ಟಕ್ಕೇ ಪೆಡಲ್ ಬದುಕುವುದುಂಟು. ರಂಧ್ರ 2.5 ಮಿ.ಮೀ. ಇರುವ ಪ್ಲಗ್ಗುಗಳೂ ಈ ಜ್ಯಾಕಿನೊಳಗೆ ಹೋಗುತ್ತವೆ, ಆದರೆ ಪಿನ್ನಿಗೆ ಸಡಿಲವಾಗಿ ತಾಗಿ ಕರಕರ ಸದ್ದು ಮಾಡುತ್ತವೆ.

ಹೊಸ ಜ್ಯಾಕಿಗೆ ಬೆಸುಗೆ ಹಾಕುವಾಗ ಕಾಯಿಸಿದ್ದು ಹೆಚ್ಚಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ನು ವಾಲುತ್ತದೆ. ಅದನ್ನು ತಡೆಯಲು ಹಳೆಯ ಪ್ಲಗ್ಗೊಂದನ್ನು ಒಳಗೆ ಸಿಕ್ಕಿಸಿಟ್ಟುಕೊಂಡು, ತಂತಿಗೂ ಕಾಲಿಗೂ ಮೊದಲೇ ಬೇರೆಬೇರೆಯಾಗಿ ಸೀಸ ಹಚ್ಚಿ, ಆಮೇಲೆ ಕ್ಷಣಮಾತ್ರದಲ್ಲಿ ಕೂಡಿಸುತ್ತೇನೆ. ನಟ್ ಬಿಗಿಯುವಾಗ ಜ್ಯಾಕ್ ತಿರುಗಿ ತಂತಿ ತುಂಡಾಗುವುದೂ ಸಾಮಾನ್ಯವಾದ್ದರಿಂದ ಹಲವು ಸಣ್ಣ ಎಳೆಗಳ ತಂತಿಯನ್ನೇ ಬಳಸಿ ತುಸು ಸಡಿಲ ಬಿಟ್ಟಿರುತ್ತೇನೆ. ಕೊನೆಯಲ್ಲಿ ಮೀಟರಿನ ಕೆಂಪು ಮೊನೆಯನ್ನು ಐಸಿಯ ಧನ ಕಾಲಿಗೆ, ಟಿಎಲ್072 ಆಗಿದ್ದರೆ 8ನೆಯದಕ್ಕೆ, ಹಿಡಿದು ಪ್ಲಗ್ಗನ್ನು ನಾಲ್ಕೂ ಕಡೆಗೆ ಅಲುಗಿಸಿ ತಿರುಗಿಸುತ್ತೇನೆ. ಅಂಕಿ ಕದಲದಿದ್ದರೆ ಡಬ್ಬಿಯ ಸ್ಕ್ರೂ ಹಾಕುತ್ತೇನೆ; ಕದಲಿದರೆ ಬೆಸುಗೆ ಕಡ್ಡಿ ಮತ್ತೆ ಬಿಸಿಗಿಡುತ್ತೇನೆ.