ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮ್: ಬೆಸುಗೆಗೂ ಮುಂಚಿನ ಕೆಲಸವೇ ದೊಡ್ಡದು

ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲುಗಣಿ ಹಾದಿಗಳಲ್ಲಿ ಡರ್ಟ್ ಬೈಕ್ ಓಡಿಸುವವರಿಗೆ ಗೊತ್ತು, ಒಂದೇ ಬೆಳಿಗ್ಗೆಯಲ್ಲಿ ಚೂಪಾದ ಫರಸಿ ಕಲ್ಲು, ಆಳದ ತಗ್ಗು, ಎರೆ ಮಣ್ಣಿನ ರಾಡಿ ಎಲ್ಲವೂ ಸಿಗುತ್ತವೆ. ಮನೆಗೆ ಬಂದು ಗಾಡಿ ತೊಳೆಯುವಾಗ ಫುಟ್‌ರೆಸ್ಟ್ ಪಕ್ಕ ಕೂದಲೆಳೆಯಂಥ ಗೆರೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ನನಗೂ ಹಾಗೇ ಆಯಿತು. ಅವಸರದಲ್ಲಿ ಹಾಕಿಸಿದ ಬೆಸುಗೆ ಮೂರೇ ವಾರಕ್ಕೆ ಮತ್ತೆ ಸೀಳಿತು. ಬೆಸುಗೆ ಹತ್ತು ನಿಮಿಷದ್ದು, ತಯಾರಿ ಅರ್ಧ ದಿನದ್ದು ಅಂತ ಆಗ ಅರ್ಥವಾಯಿತು.

ಮೊದಲು ಒಂದು ಅಯಸ್ಕಾಂತ ಹಚ್ಚಿ ನೋಡಿ. ಅಂಟಿದರೆ ಅದು ಉಕ್ಕು, ಈ ಲೇಖನ ಅದಕ್ಕಲ್ಲ. ನಮ್ಮಲ್ಲಿ ಜಾಸ್ತಿ ಓಡುವ ಹಿಮಾಲಯನ್, ಎಕ್ಸ್‌ಪಲ್ಸ್ ಫ್ರೇಮ್‌ಗಳು ಉಕ್ಕಿನವೇ. ಹೋಂಡಾ 1997ರಲ್ಲಿ ತನ್ನ ಸಿಆರ್250ಆರ್ ಬೈಕಿಗೆ ಅಲ್ಯೂಮಿನಿಯಂ ಫ್ರೇಮ್ ಕೊಟ್ಟಿತು. ಇವತ್ತು ಹೋಂಡಾ, ಕವಾಸಾಕಿ, ಯಮಾಹಾದ 450 ಸಿಸಿ ಮೋಟೊಕ್ರಾಸ್ ಬೈಕುಗಳದ್ದೂ ಅದೇ.

ಬಿರುಕು ಎಲ್ಲಿಯತನಕ ಹೋಗಿದೆ?

ಒಣಗಿದ ಎರೆ ಮಣ್ಣು ತಾನೇ ಬಿರುಕು ಬಿಡುತ್ತದೆ. ಅದರ ಕೆಳಗಿನ ಲೋಹದ ಬಿರುಕು ಕಾಣುವುದಿಲ್ಲ. ಹಾಗಾಗಿ ಚೆನ್ನಾಗಿ ತೊಳೆದು, ಒಣಗಿಸಿ, ಆ ಜಾಗದ ಬಣ್ಣ ತೆಗೆಯಿರಿ. ಆಮೇಲೆ ಡೈ ಪೆನಿಟ್ರೆಂಟ್ ಸ್ಪ್ರೇ ಬಳಸಿ. ಕೆಂಪು ಬಣ್ಣ ಹೊಡೆದು 10ರಿಂದ 20 ನಿಮಿಷ ಬಿಡಿ. ಬಟ್ಟೆಯಿಂದ ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿನೊಳಗೆ ಕುಳಿತಿದ್ದ ಕೆಂಪು ನಿಧಾನಕ್ಕೆ ಬಿಳಿಯ ಮೇಲೆ ಜಿನುಗುತ್ತದೆ. ಕಣ್ಣಿಗೆ ಎರಡು ಸೆಂಟಿಮೀಟರ್ ಕಂಡ ನನ್ನ ಬಿರುಕು ಆಗ ನಾಲ್ಕಾಗಿತ್ತು. ಮೊದಲ ಬೆಸುಗೆ ಉಳಿಯದೇ ಇದ್ದದ್ದಕ್ಕೆ ಅರ್ಧ ಕಾರಣ ಅಲ್ಲೇ ಇತ್ತು.

ಬಿರುಕು ಹ್ಯಾಂಡಲ್‌ನ ಸ್ಟಿಯರಿಂಗ್ ಹೆಡ್‌ನಲ್ಲಿ ಇಲ್ಲವೇ ಹಿಂದಿನ ಗಾಲಿ ಹಿಡಿಯುವ ಸ್ವಿಂಗ್ ಆರ್ಮ್ ಫ್ರೇಮಿಗೆ ಕೂಡುವ ಬೋಲ್ಟಿನ ಸುತ್ತ ಇದ್ದರೆ ದಯವಿಟ್ಟು ಬೆಸುಗೆ ಹಾಕಿಸಬೇಡಿ. ಫ್ರೇಮ್ ಬದಲಿಸಿ. ದುಡ್ಡು ದೊಡ್ಡದೇ, ಒಪ್ಪುತ್ತೇನೆ. ಆದರೆ ಆ ಜಾಗ ಓಡುವಾಗ ಮುರಿದರೆ ಸವಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ತಯಾರಿ

ಬ್ಯಾಟರಿ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕಳಚಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ರಂಧ್ರ ಕೊರೆಯಿರಿ, ಸೀಳು ಮುಂದೆ ಓಡುವುದು ಅಲ್ಲಿಗೆ ನಿಲ್ಲುತ್ತದೆ. ನಂತರ ಬಿರುಕಿನುದ್ದಕ್ಕೂ ಇಂಗ್ಲಿಷಿನ ವಿ ಅಕ್ಷರದಂತೆ ಕೊರೆದು ತೆರೆಯಬೇಕು. ಇಲ್ಲದಿದ್ದರೆ ಬೆಸುಗೆ ಮೇಲೆ ಮಾತ್ರ ಕೂರುತ್ತದೆ, ಒಳಗೆ ಸೀಳು ಹಾಗೇ ಇರುತ್ತದೆ.

ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪೊರೆಗೆ 2000 ಡಿಗ್ರಿಗಿಂತ ಜಾಸ್ತಿ ಬೇಕು. ಪೊರೆ ಉಳಿದರೆ ಲೋಹ ಒಂದಕ್ಕೊಂದು ಕೂಡುವುದೇ ಇಲ್ಲ. ಮೊದಲು ಅಸಿಟೋನ್‌ನಿಂದ ಎಣ್ಣೆ ಜಿಡ್ಡು ಒರೆಸಿ, ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಿಂದ ಉಜ್ಜಿ. ಈ ಕ್ರಮ ತಿರುವು ಮುರುವು ಆದರೆ ಜಿಡ್ಡನ್ನೇ ಲೋಹದೊಳಗೆ ತುಂಬಿದಂತೆ. ಆ ಬ್ರಷ್‌ನಿಂದ ಕಬ್ಬಿಣ ಮುಟ್ಟಬಾರದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೇಡವೇ ಬೇಡ, ಬೆಸುಗೆಯ ಕಿರಣ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಫ್ಯಾನ್ ಬಂದ್ ಮಾಡ್ರಿ

ಈ ಬೆಸುಗೆಗೆ ಎಸಿ ಕರೆಂಟಿನ ಟಿಗ್ ಯಂತ್ರ ಬೇಕು, ಅದು ಬಿಡುವ ಆರ್ಗಾನ್ ಅನಿಲ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಕಲಬುರಗಿಯಲ್ಲಿ ‘ಆರ್ಗಾನ್ ವೆಲ್ಡಿಂಗ್’ ಅಂತ ಕೇಳಿ. ಡಿಸಿ ಮಾತ್ರ ಇರುವ ಯಂತ್ರ ಈ ಕೆಲಸಕ್ಕೆ ಬೇಡ, ಪೊರೆ ಒಡೆಯುವುದು ಎಸಿಯೇ. ಕರಗಿಸಿ ತುಂಬುವ ಫಿಲ್ಲರ್ ರಾಡ್, ಟ್ಯೂಬಿಗೆ 5356 ನಂಬರಿನದು, ಎರಕದ ಭಾಗಕ್ಕೆ 4043.

ಮೇ ತಿಂಗಳ ಬಿಸಿಲಲ್ಲಿ ತಗಡಿನ ಶೆಡ್‌ನೊಳಗೆ ಫ್ಯಾನ್ ಇಲ್ಲದೆ ಯಾರು ನಿಲ್ಲುತ್ತಾರೆ, ಅಲ್ವಾ? ನನ್ನ ಮೊದಲ ಬೆಸುಗೆಗೆ ಫ್ಯಾನ್ ಗಾಳಿ ನೇರ ಬೀಸುತ್ತಿತ್ತು. ಆರ್ಗಾನ್ ಹಾರಿಹೋಗಿ, ಬೆಸುಗೆಯಲ್ಲಿ ರೊಟ್ಟಿಯ ಮೇಲಿನ ತೂತುಗಳಂತೆ ಗುಳಿ ಎದ್ದಿದ್ದವು. ಎರಡನೇ ಸಲ ಬೇರೆ ಉಸ್ತಾದ್ ಕುಳಿತವರೇ ಹುಡುಗನಿಗೆ ಹೇಳಿದ್ದು, “ಫ್ಯಾನ್ ಬಂದ್ ಮಾಡಪ್ಪ, ಬಾಗಿಲಾನೂ ಹಾಕು.” ಹತ್ತು ನಿಮಿಷ ಬೆವರಿನಲ್ಲಿ ತೊಯ್ದರು. ಮುಗಿದ ಕೂಡಲೇ ಬಾಗಿಲು ತೆಗೆಸಿದರು.

ಕಬ್ಬಿಣ ಕೆಂಪಗಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ ಸಟಕ್ಕನೆ ಕುಸಿಯುತ್ತದೆ. ಹಾಗಾಗಿ ಸ್ವಲ್ಪ ಹಾಕಿ, ತಣಿಯಲು ಬಿಟ್ಟು, ಮತ್ತೆ ಹಾಕಬೇಕು. ಸುಮ್ನೆ ನೀರು ಸುರಿದು ತಣಿಸಬೇಡಿ.

6061-ಟಿ6 ಎಂಬ, ಶಾಖ ಕೊಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಬೆಸುಗೆಯ ಶಾಖ ತಾಗಿದ ಜಾಗ ಸುಮಾರು ಶೇ 40ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಮೇಲೊಂದು ಅಲ್ಯೂಮಿನಿಯಂ ಪಟ್ಟಿ ಕೂರಿಸುವುದು ಒಳ್ಳೆಯದು. ಪಟ್ಟಿ ಚೌಕವಾಗಿರದೆ ಮಾವಿನ ಎಲೆಯಂತೆ ಉದ್ದಕ್ಕೆ ಚೂಪಾಗಿರಲಿ. ಟ್ಯೂಬಿಗೆ ಅಡ್ಡಡ್ಡ ಬೆಸುಗೆ ಹಾಕಿದರೆ ಮುಂದಿನ ಬಿರುಕು ಅದೇ ಗೆರೆಯಲ್ಲಿ ಬರುತ್ತದೆ.

ಪೂರ್ತಿ ತಣಿದ ಮೇಲೆ ಕೆಂಪು ಬಣ್ಣದ ಪರೀಕ್ಷೆ ಮತ್ತೊಮ್ಮೆ ಮಾಡಿ. ಗಾಲಿಗಳೆರಡೂ ಒಂದೇ ಸಾಲಿನಲ್ಲಿವೆಯೇ ಎಂದು ದಾರ ಹಿಡಿದು ನೋಡಿ. ಆ ಜಾಗಕ್ಕೆ ಬಣ್ಣ ಬಳಿಯುವ ಅವಸರ ಬೇಡ. ಮೊದಲ ನಾಲ್ಕೈದು ಸವಾರಿ ಬರಿಮೈಯಲ್ಲೇ ಇರಲಿ. ಪ್ರತಿ ಸಲ ಮಣ್ಣು ತೊಳೆದು, ಟಾರ್ಚ್ ಹಿಡಿದು ಬೆಸುಗೆಯ ಎರಡೂ ತುದಿ ನೋಡಿ. ಹೊಸ ಗೆರೆ ಹುಟ್ಟಿದರೆ ಮೊದಲು ಅಲ್ಲಿಯೇ ಕಾಣುತ್ತದೆ.